ಅಲೆಗೆ ಬೆನ್ನು ಹಾಕಿದವನು

ಹೊಳೆ ಕಡಲಿಗೆ ಸೇರುವ ಜಾಗದಲ್ಲಿ ಕೊಗ್ಗಪ್ಪನ ಚಪ್ಪರ. ಅಲೆಯ ಮೇಲೆ ನಿಲ್ಲುವುದನ್ನು ಆತ ಕಲಿಸುತ್ತಿದ್ದ. ಹೊರಗಿನಿಂದ ಬಂದವರು ಅದನ್ನು ಸರ್ಫಿಂಗ್ ಎನ್ನುತ್ತಿದ್ದರು. ಊರವರಿಗೆ ಅದು ಹಲಗೆಯಾಟ.

ಒಂದು ಬೆಳಿಗ್ಗೆ ಲೋಕಯ್ಯ ಬಂದ. ದೋಣಿಯಲ್ಲೇ ತಲೆ ನರೆತವನು. ಹೆಂಡತಿ ಕಲ್ಯಾಣಿ ಜ್ವರದಲ್ಲಿ ತೀರಿಕೊಂಡ ಮೇಲೆ ಕಡಲಿಗೆ ಇಳಿದಿರಲಿಲ್ಲ.

"ಒಂದು ಕೇಳಲಿಕ್ಕುಂಟು," ಎಂದ.

"ಕೇಳು."

"ಎಲ್ಲರೂ ಅವಳನ್ನು ಮರೆತುಬಿಡು ಅಂತಾರೆ. ಮರೆತರೆ ಅವಳು ಇನ್ನೊಂದು ಸಲ ಸತ್ತ ಹಾಗೆ. ಮರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಎಂತ ಮಾಡಲಿ?"



"ನನಗೆ ಗೊತ್ತಿಲ್ಲ."

ಕೊಗ್ಗಪ್ಪ ಎದ್ದು ಒಂದು ಹಲಗೆ ತೆಗೆದು ಅವನ ತಲೆಯ ಮೇಲಿಟ್ಟ. "ಇದನ್ನು ತಯಾರು ಮಾಡಿಕೊಂಡು ನಾಳೆ ಬಾ."

ಲೋಕಯ್ಯನಿಗೆ ಅರ್ಥವಾಗಲಿಲ್ಲ. ಕೇಳಿದ್ದು ಮಾತು, ಸಿಕ್ಕಿದ್ದು ಹಲಗೆ. ಹೊತ್ತುಕೊಂಡು ಹೋದ.

ಚಹಾದಂಗಡಿಯ ಗುಲಾಬಿ ಕೂಗಿದಳು. "ಅಣ್ಣಾ, ಅದು ನಿನ್ನನ್ನು ಹೊರಬೇಕು. ನೀನು ಅದನ್ನು ಹೊರುವುದಲ್ಲ."

ಅವನು ನಗಲಿಲ್ಲ.

ಮರುದಿನ ಹಲಗೆ ಮಿರಿಮಿರಿ ಮಿಂಚುತ್ತಿತ್ತು. ವಾಸನೆ ಮೊದಲೇ ಬಂದು ತಲುಪಿತು.

"ಎಂತ ಹಚ್ಚಿದ್ದು?" ಕೊಗ್ಗಪ್ಪ ಕೇಳಿದ.

"ಮೀನೆಣ್ಣೆ. ಕೆಳಗೂ ಹಚ್ಚಿದ್ದೇನೆ, ಮೇಲೂ ಹಚ್ಚಿದ್ದೇನೆ."

"ಯಾಕೆ?"

"ದೋಣಿಗೆ ಹಚ್ಚುವುದಿಲ್ವಾ? ಎಣ್ಣೆ ಕುಡಿಯದಿದ್ದರೆ ಮರ ಬಿರಿಯುತ್ತದೆ."

"ಮಾರಾಯ, ಇದು ಮರವೇ ಅಲ್ಲ. ಇದರ ಮೇಲೆ ನಿಲ್ಲಬೇಕು. ಕಾಲು ಜಾರಬಾರದು ಅಂತ ನಾವು ಮೇಣ ತಿಕ್ಕುವುದು. ನೀನು ಎಣ್ಣೆ ಹಚ್ಚಿ ತಂದಿದ್ದಿ."

ಗುಲಾಬಿ ಮೂಗು ಮುಚ್ಚಿಕೊಂಡಳು. "ಹುರಿಯಲಿಕ್ಕೆ ಮಸಾಲೆ ಅರೆಯಲಾ?"

ಗುರು ಶಿಷ್ಯ ಇಬ್ಬರೂ ಕೂತು ಸೀಗೆಪುಡಿ ಹಾಕಿ ತಿಕ್ಕಿದರು. ಮಧ್ಯಾಹ್ನವಾಯಿತು. ಆ ದಿನದ ಪಾಠ ಅಷ್ಟೇ.

ಆಮೇಲೆ ನೀರಿಗಿಳಿದರು. ಹಲಗೆಯ ಮೇಲೆ ಬೋರಲು ಮಲಗಬೇಕು. ಮುಖ ದಡಕ್ಕೆ, ಬೆನ್ನು ಅಲೆಗೆ. ಹಾಗೇ ಕಾಯಬೇಕು. ಅಲೆ ಎತ್ತಿದಾಗ ಏಳಬೇಕು.

ಲೋಕಯ್ಯನಿಂದ ಆಗಲಿಲ್ಲ. ಹಿಂದೆ ಸದ್ದು ಕೇಳಿದ ಕೂಡಲೇ ಹಲಗೆ ತಿರುಗಿಸಿ ಅಲೆಗೆ ಎದುರಾಗುತ್ತಿದ್ದ. ದೋಣಿಯಲ್ಲಿ ಹಾಗೆಯೇ. ಅಡ್ಡ ಸಿಕ್ಕರೆ ದೋಣಿ ಮಗುಚುತ್ತದೆ. ಅಲೆಗೆ ಬೆನ್ನು ಹಾಕಬೇಡ ಎಂದು ಅವನ ಅಪ್ಪ ಹೊಡೆದು ಕಲಿಸಿದ್ದ.

"ಯಾಕೆ ತಿರುಗಿದ್ದು?"

"ಬರ್ತಾ ಉಂಟಲ್ಲ."

"ಬರಲಿ."

"ನೋಡದೆ ಹೇಗೆ ಇರುವುದು?"

"ನೋಡಿದರೆ ಬರುವುದು ಬಿಡುತ್ತದಾ?"

ಲೋಕಯ್ಯ ಮುಂದಿನ ಅಲೆಗೂ ತಿರುಗಿದ.

ದಿನಗಳು ಹೋದವು. ಹೊರಗಿನ ಹುಡುಗ ಹುಡುಗಿಯರು ಬಂದರು, ಬಿದ್ದರು, ಕಲಿತರು, ಬಸ್ಸು ಹತ್ತಿದರು. ಲೋಕಯ್ಯ ಉಪ್ಪುನೀರು ಕುಡಿದ. ಮನೆಗೆ ಹೋಗಿ ಬಾಗಿಲು ನೋಡುತ್ತ ಕೂತ.

ಒಂದು ದಿನ ಸಿಟ್ಟು ಬಂತು. ಹಲಗೆಯನ್ನು ಮರಳಿಗೆ ಬಿಸಾಡಿದ.

"ನಾನು ಕೇಳಿದ್ದು ಬೇರೆ. ನೀವು ಕಲಿಸುವುದು ಬೇರೆ. ಇದಕ್ಕೂ ಕಲ್ಯಾಣಿಗೂ ಎಂತ ಸಂಬಂಧ?"

"ಅದೂ ನನಗೆ ಗೊತ್ತಿಲ್ಲ."

"ಮತ್ತೆ ಗುರು ಅಂತ ಯಾಕೆ ಕೂತದ್ದು?"

"ನಾನೆಲ್ಲಿ ಕೂತೆ? ನೀನು ಬಂದದ್ದು. ನಡಿ, ನೀರು ಇಳಿಯುವ ಮೊದಲು ಒಂದು ಸಲ ಹೋಗುವ."

ಈ ಸಲ ಕೊಗ್ಗಪ್ಪನೂ ಎದೆಮಟ್ಟದ ನೀರಿಗೆ ಬಂದ. ಲೋಕಯ್ಯನ ಹಲಗೆಯ ಹಿಂದೆ ನಿಂತು ಅದರ ತುದಿ ಹಿಡಿದುಕೊಂಡ.

"ಹಿಂದಿನದನ್ನು ನಾನು ನೋಡ್ತೇನೆ. ನೀನು ಮುಂದೆ ನೋಡು. ಎಂತ ಕಾಣ್ತದೆ?"

"ಗುಲಾಬಿಯ ಅಂಗಡಿ."

"ಮತ್ತೆ?"

"ಹಗ್ಗದಲ್ಲಿ ಒದ್ದೆ ಬಟ್ಟೆ. ಒಂದು ನಾಯಿ."

"ನಾಯಿ ಎಂತ ಮಾಡ್ತಾ ಉಂಟು?"

"ಯಾರದ್ದೋ ಚಪ್ಪಲಿ ಕಚ್ಚಿಕೊಂಡು..."

ಹಲಗೆಯ ಕೆಳಗೆ ನೀರು ಎದ್ದಿತು. ಗುರು ಕೈ ಬಿಟ್ಟ. ಅಲೆ ಗುರುವಿನ ತಲೆಯ ಮೇಲೆ ಹೋಯಿತು.

ಆತ ಮುಳುಗಿ ಎದ್ದು ಕಣ್ಣೊರೆಸಿಕೊಂಡು ನೋಡಿದ. ಲೋಕಯ್ಯ ಹಲಗೆಯ ಮೇಲೆ ನಿಂತಿದ್ದ. ಕೈ ಎರಡೂ ಅಗಲ. ಬಾಯಿ ತೆರೆದಿತ್ತು. ದಡದವರೆಗೂ ನಿಂತೇ ಹೋದ.

ಗುಲಾಬಿ ಸೌಟು ಹಿಡಿದುಕೊಂಡೇ ಕೂಗಿದಳು. "ಅಣ್ಣ ನಿಂತ! ಅಣ್ಣ ನಿಂತ!"

ಲೋಕಯ್ಯ ಹಲಗೆಯನ್ನು ಕಾಲಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಎಸೆದ. ಓಡಿದ. ಅಂಗಡಿ ದಾಟಿ, ನಾಯಿಯನ್ನು ದಾಟಿ, ತನ್ನ ಮನೆಯ ಓಣಿಯ ಕಡೆಗೆ ಓಡಿದ.

ಓಣಿಯ ಬಾಯಲ್ಲಿ ನಿಂತುಬಿಟ್ಟ.

ಮನೆಯ ಬಾಗಿಲಿಗೆ ತಾನೇ ಹಾಕಿದ ಬೀಗ ಕಂಡಿತು. ಆಮೇಲೆ ಮೆಲ್ಲಗೆ ತಿರುಗಿ ಬಂದ. ಕೊಗ್ಗಪ್ಪ ಮರಳಿನಲ್ಲಿ ಕೂತಿದ್ದ. ಲೋಕಯ್ಯ ಪಕ್ಕದಲ್ಲಿ ಕೂತ. ಮೈಯಿಂದ ನೀರು ಇಳಿಯುತ್ತಿತ್ತು.

"ನಿಂತೆ," ಎಂದ.

"ನೋಡಿದೆ."

"ನಿಂತಷ್ಟು ಹೊತ್ತು ಅವಳ ನೆನಪೇ ಬರಲಿಲ್ಲ. ಅವಳು ಹೋದ ಮೇಲೆ ಹೀಗೆ ಆದದ್ದು ಇವತ್ತೇ. ನಾನು ಅವಳನ್ನು ಬಿಟ್ಟುಬಿಟ್ಟೆನಾ?"

ಗುರು ಅವನ ಬೆನ್ನಿಗೆ ಅಂಟಿದ ಮರಳನ್ನು ಕೈಯಿಂದ ಒರೆಸಿದ.

"ದಡ ಮುಟ್ಟಿದವನೇ ಓಡಿದೆಯಲ್ಲ, ಯಾರಿಗೆ ಹೇಳಲಿಕ್ಕೆ?"