ಕೋಟೆ ಬಾಗಿಲಿನ ಚಪ್ಪರ

ಶಿಷ್ಯ ಕೇಳಿದ: "ಗುರುಗಳೇ, ಕಾಳುಕಡ್ಡಿಯ ಬೆಲೆ ಏರಿ ಜನ ಕಂಗಾಲಾದಾಗ ಅವರ ಗೋಳು ಕೇಳಿಸಿಕೊಳ್ಳುವ ಅರಸ ಒಳ್ಳೆಯವನಲ್ಲವೇ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಸಾತವ್ವ ಎಂಬವಳು ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಮನೆಯಲ್ಲಿ ಮುದಿ ಅತ್ತೆ, ಇಬ್ಬರು ಮಕ್ಕಳು. ಆ ವರ್ಷ ಬೆಳೆ ಚೆನ್ನಾಗಿಯೇ ಬಂದಿತ್ತು. ಆದರೆ ಬಂದ ಜೋಳವನ್ನೆಲ್ಲ ಅರಸನ ಭಾವಮೈದುನ ಕೊಂಡು, ಕೋಟೆಯ ಉಗ್ರಾಣಕ್ಕೆ ತುಂಬಿ ಬೀಗ ಜಡಿಸಿದ. ಎರಡೇ ತಿಂಗಳಲ್ಲಿ ಪೇಟೆಯಲ್ಲಿ ಜೋಳದ ಬೆಲೆ ಮೂರು ಪಟ್ಟಾಯಿತು. ಸಾತವ್ವನಿಗೆ ಮಾರುವುದಿರಲಿ, ಮನೆಗೇ ರೊಟ್ಟಿ ಸಾಲದಾಯಿತು.

ಜನ ಕಲ್ಲು ಹಿಡಿದು ಕೋಟೆಯ ಬಾಗಿಲಿಗೆ ಹೋದರು. ಸಾತವ್ವನೂ ಹೋದಳು. ಅರಸ ಸೈನಿಕರನ್ನು ಕಳಿಸಲಿಲ್ಲ. ಮೆತ್ತಗಿನ ಮಾತಿನ ಒಬ್ಬ ಅಧಿಕಾರಿಯನ್ನು ಕಳಿಸಿದ. ಅವನು ಚಪ್ಪರ ಹಾಕಿಸಿ, ಚಾಪೆ ಹಾಸಿಸಿ, ಎಲ್ಲರಿಗೂ ಪಾನಕ ಕೊಡಿಸಿ, "ಹೇಳಿ, ನಿಮ್ಮ ಕಷ್ಟ ಅರಸರಿಗೆ ಮುಟ್ಟಬೇಕು" ಎಂದ. ಯಾರೋ ಉಗ್ರಾಣದ ಮಾತೆತ್ತಿದರೆ, "ಅದನ್ನೂ ವಿಚಾರಿಸುತ್ತೇವೆ" ಎಂದ.

ಸಾತವ್ವ, "ನಮ್ಮತ್ತೆ ಮೂರು ದಿನದಿಂದ ಹಸಿವಿಲ್ಲ ಅನ್ನುತ್ತಾಳೆ ಸ್ವಾಮಿ. ತನ್ನ ಪಾಲನ್ನು ಮಕ್ಕಳ ಗಂಗಾಳಕ್ಕೆ ಹಾಕುತ್ತಾಳೆ" ಎಂದಳು. ಅಧಿಕಾರಿಯ ಕಣ್ಣು ತುಂಬಿ ಬಂತು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಅಷ್ಟು ದೊಡ್ಡ ಮನುಷ್ಯ ತನಗಾಗಿ ಅತ್ತನಲ್ಲ ಎಂದು ಸಾತವ್ವನಿಗೂ ಅಳು ಬಂತು. ಕೈಯಲ್ಲಿದ್ದ ಕಲ್ಲನ್ನು ಎಲ್ಲಿ ಬಿಟ್ಟಳೋ ಅವಳಿಗೇ ತಿಳಿಯಲಿಲ್ಲ.

ಮರುತಿಂಗಳು ಬೆಲೆ ಇನ್ನೂ ಏರಿತು. ಮತ್ತೆ ಚಪ್ಪರ, ಮತ್ತೆ ಪಾನಕ. ಸಾತವ್ವ ಮತ್ತೆ ಹೇಳಿದಳು, ಅಧಿಕಾರಿ ಮತ್ತೆ ಅತ್ತ. ಅರಸನಿಗೆ ಎಂಥ ಕರುಣೆ ಎಂದು ಊರೆಲ್ಲ ಕೊಂಡಾಡಿತು. ಆ ವಾರವೇ ಅತ್ತೆ, ಹಸಿವಿಲ್ಲ ಎನ್ನುತ್ತಲೇ ಸತ್ತಳು. ಹೆಣ ತೊಳೆಯುವಾಗ ಸಾತವ್ವನ ಕೈಗೆ ಎಲುಬಲ್ಲದೆ ಬೇರೇನೂ ಸಿಗಲಿಲ್ಲ.

ಮೂರನೆಯ ಸಲ ಅವಳು ಚಾಪೆಯ ಮೇಲೆ ಕೂರಲಿಲ್ಲ.

"ಕೂತುಕೋ ತಾಯಿ, ಹೇಳು" ಎಂದ ಅಧಿಕಾರಿ.

"ನಾನು ಹೇಳುವುದು ಮುಗಿಯಿತು. ಈಗ ನೀನು ಹೇಳು. ಒಳಗೆ ಜೋಳ ಇದೆಯೋ ಇಲ್ಲವೋ?"

ಅವನು ತಲೆ ತಗ್ಗಿಸಿ, "ಇದೆ" ಎಂದ.

"ನಮ್ಮತ್ತೆ ಸಾಯುವಾಗಲೂ ಇತ್ತೋ?"

ಸಾತವ್ವ ಬಗ್ಗಿ, ತನಗೆಂದು ಹಾಸಿದ್ದ ಚಾಪೆಯನ್ನು ಸುತ್ತಿ ಬಿಸಾಡಿದಳು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು. ಸಂಜೆಯೊಳಗೆ ಉಗ್ರಾಣದ ಬೀಗ ಮುರಿದು ಬಿತ್ತು. ಮೇಲಿನ ಚೀಲಗಳಲ್ಲಿ ಜೋಳ ಚೆನ್ನಾಗಿತ್ತು. ಕೆಳಗಿನದು ಮುಗ್ಗಿ, ಹುಳು ಹಿಡಿದು, ದನವೂ ಮೂಸದಂತಾಗಿತ್ತು. ಸಾತವ್ವ ಅದರಲ್ಲೊಂದು ಹಿಡಿ ತಂದು ಅಧಿಕಾರಿಯ ಅಂಗೈಗೆ ಸುರಿದು, "ಇದನ್ನೂ ಬರೆದುಕೋ" ಎಂದಳು.

ಗುರುಗಳು ನಿಲ್ಲಿಸಿದರು. ಶಿಷ್ಯನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. "ಹಾಗಾದರೆ ಆ ಅಧಿಕಾರಿಯ ಕಣ್ಣೀರೆಲ್ಲ ನಾಟಕವೇ?" ಎಂದ.

ಗುರುಗಳೆಂದರು: "ಅಲ್ಲ, ನಿಜವಾದದ್ದೇ; ಅದಕ್ಕೇ ಆ ಬೀಗ ಅಷ್ಟು ದಿನ ಉಳಿಯಿತು."