ಬಾಗಿಲ ಕಾವಲಿನ ಹೇಂಟೆಯೂ ಫೋನಿನ ಸಾಹೇಬನೂ

ಗುಡ್ಡ ದಾಟಿ, ಹಳ್ಳ ದಾಟಿ ಹೋದರೆ ಒಂದು ರಾಜ್ಯವಿತ್ತಂತೆ. ಮನುಷ್ಯರದ್ದಲ್ಲ, ಹಕ್ಕಿಗಳದ್ದು. ನವಿಲು ಅದರ ರಾಜ. ಸುತ್ತ ಕಲ್ಲಿನ ಕೋಟೆ, ಕೋಟೆಯೊಳಗೆ ಎಲ್ಲರ ಗೂಡು, ಗೂಡಿನ ತುಂಬ ಮೊಟ್ಟೆ, ಮರಿ. ಕಾಲ ಬದಲಾಗಿತ್ತು ನೋಡಿ, ಕೋಟೆ ಬಾಗಿಲು ತೆಗೆಯಲು, ಹಾಕಲು ಕಂಪ್ಯೂಟರ್ ಬಂದಿತ್ತು. ಅದರ ಮುಂದೆ ಕೂರುವ ಕೆಲಸ ಬೋರಮ್ಮ ಎಂಬ ಹೇಂಟೆಯದು. ಅವಳ ಮರಿಗಳು ಮೊನ್ನೆ ಮೊನ್ನೆ ಮೊಟ್ಟೆಯೊಡೆದು ಬಂದಿದ್ದವು. ಬಾಗಿಲು ಭದ್ರವಾಗಿದ್ದರೆ ಅವೂ ಭದ್ರ.

ಕಂಪ್ಯೂಟರ್ ಕೆಟ್ಟರೆ ಸರಿಮಾಡಲು ಸಿದ್ದಜ್ಜ ಎಂಬ ಗೂಬೆ ಇದ್ದ. ಕೆಲಸದಲ್ಲಿ ಎತ್ತಿದ ಕೈ. ಆದರೆ ಗೂಬೆಯ ಮುಖ ನೋಡಿದರೆ ಅಪಶಕುನ ಅಂತ ಆ ಊರಿನವರ ನಂಬಿಕೆ. ಕಂಪ್ಯೂಟರ್ ಕೈಕೊಟ್ಟರೆ ಕೊಕ್ಕಿನಿಂದ ಕುಟ್ಟಿ ನೋಡುತ್ತಿದ್ದರೇ ಹೊರತು, ಬುರುಜಿನ ಮೇಲಿನ ಅವನ ಗೂಡಿಗೆ ಯಾರೂ ಹೋಗುತ್ತಿರಲಿಲ್ಲ. ಜಾಣರೆಲ್ಲ ಸೇರಿ ಮಾಡಿದ ದಡ್ಡತನ ಇದು. ಕೋಟೆಯ ಹೊರಗೆ ಹೊಂಚುಹಾಕುತ್ತಿದ್ದ ನರಿಗೆ ಈ ಸಂಗತಿ ಗೊತ್ತಾಯಿತು.

ಒಂದು ದಿನ ಬೋರಮ್ಮನ ಫೋನ್ ರಿಂಗಾಯಿತು. ಸಿಹಿಯಾದ ದನಿ. ಅರಮನೆಯ ಕಂಪ್ಯೂಟರ್ ವಿಭಾಗದ ದೊಡ್ಡ ಸಾಹೇಬ ನಾನು, ನಿಮ್ಮ ಕಂಪ್ಯೂಟರಿಗೆ ಹುಳ ಹೊಕ್ಕಿದೆ, ಇಲ್ಲಿಂದಲೇ ತೆಗೆಯುತ್ತೇನೆ, ಆ ಗೂಬೆಯ ಮುಖ ನೋಡುವ ಕರ್ಮ ನಿಮಗೇಕೆ ಅಂದಿತು. ಹುಳ ಅಂದ ಕೂಡಲೇ ಬೋರಮ್ಮ ಪರದೆಯ ಹಿಂದೆ ಹೋಗಿ ಕೆದಕಿ ನೋಡಿದಳು. ಏನೂ ಸಿಗಲಿಲ್ಲ. ಸಾಹೇಬ ಕೇಳಿದ್ದು ಅವಳ ಹೆಸರು, ಕೆಲಸ, ಅಷ್ಟೇ. ಹೇಳಿದಳು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. ಈ ಸಲ ದನಿ ಬಿಗಿಯಾಗಿತ್ತು. ಹುಳ ಬಲಿತಿದೆ, ರಾಜರಿಗೆ ದೂರು ಹೋಗಿದೆ, ಪಾಸ್‌ವರ್ಡ್ ಕೊಟ್ಟರೆ ನಾನು ಉಳಿಸಬಲ್ಲೆ ಅಂದ. ರಾಜರ ಹೆಸರು ಕೇಳಿ ಬೋರಮ್ಮ ಹಿಂದೆಮುಂದೆ ನೋಡಲಿಲ್ಲ. ಕೊಟ್ಟುಬಿಟ್ಟಳು.

ಮೂರನೆಯ ಸಲ ದನಿ ಗದರಿತು.

“ಏ ಬೋರಮ್ಮ, ನಿನ್ನ ಫೋನಿಗೆ ಒಂದು ನಂಬರ್ ಬರ್ತದೆ. ಓದಿ ಹೇಳು. ಫೋನ್ ಇಟ್ಟೆಯೋ, ಕೋಟೆ ಬಾಗಿಲು ತಾನೇ ತೆಕ್ಕೊಳ್ತದೆ. ಯಾರಿಗಾದರೂ ಹೇಳಿದೆಯೋ, ಮರಿಗಳ ಸಮೇತ ನಿನ್ನ ಹೊರಗೆ ಹಾಕಿಸ್ತೀನಿ.”

ನಂಬರ್ ಬಂತು. ಅದರ ಜೊತೆಗೇ, ಕೋಟೆ ಬಾಗಿಲು ತೆಗೆಯಲು ಅಂತ ಬರೆದಿತ್ತು. ಹುಳ ತೆಗೆಯುವವನಿಗೆ ಬಾಗಿಲು ತೆಗೆಯುವ ನಂಬರ್ ಯಾಕೆ? ಕಿಟಕಿಯಾಚೆ ಅವಳ ಮರಿಗಳು ಬಾಗಿಲ ಹತ್ತಿರವೇ ಮಣ್ಣು ಕೆದಕುತ್ತಿದ್ದವು. ಓದಿದರೂ ಅವುಗಳ ಗತಿ ಮುಗಿಯಿತು, ಓದದಿದ್ದರೂ ಮುಗಿಯಿತು ಅನ್ನಿಸಿತು. ಯಾರಿಗಾದರೂ ಹೇಳೋಣವೆಂದರೆ ಪಾಸ್‌ವರ್ಡ್ ಕೊಟ್ಟವಳು ತಾನೇ. ಊರೆಲ್ಲ ಉಗಿಯುತ್ತದೆ. ಹೆದರಿಕೆಗಿಂತ ನಾಚಿಕೆಯೇ ಅವಳನ್ನು ಹೆಚ್ಚು ಹಿಂಡಿತು.

ಆದರೂ ತಾಯಿ ತಾಯಿಯೇ. ಕಣ್ಣು ಮಂಜು ಸ್ವಾಮಿ, ಬೆಳಕಿಗೆ ಹೋಗಿ ಓದ್ತೀನಿ ಅಂದವಳೇ ಬುರುಜಿನ ಮೆಟ್ಟಿಲು ಹತ್ತತೊಡಗಿದಳು. ಆಚೆಯಿಂದ ಸಾಹೇಬ ಬೇಗ, ಬೇಗ ಅನ್ನುತ್ತಲೇ ಇದ್ದ. ಮಟಮಟ ಮಧ್ಯಾಹ್ನ, ಸಿದ್ದಜ್ಜ ಗಾಢ ನಿದ್ದೆಯಲ್ಲಿದ್ದ. ಕೊಕ್ಕಿನಿಂದ ತಿವಿದು ಎಬ್ಬಿಸಿದಳು. ಎದ್ದವನ ಮುಖವನ್ನು ನೆಟ್ಟಗೆ ನೋಡಿ, ಮಾತಾಡದೆ ಫೋನ್ ತೋರಿಸಿದಳು. ಸಿದ್ದಜ್ಜ ಅದನ್ನು ತನ್ನ ದಪ್ಪ ರೆಕ್ಕೆಯಡಿ ಅವುಚಿಕೊಂಡ. ಸಾಹೇಬನಿಗೆ ಈ ಕಡೆಯ ಪಿಸುಮಾತೂ ಕೇಳದಂತಾಯಿತು.

“ಏನೇನು ಕೊಟ್ಟೆ, ಮುಚ್ಚುಮರೆ ಇಲ್ಲದೆ ಹೇಳವ್ವ. ನಾನು ಬೈಯೋದಿಲ್ಲ.”

“ಪಾಸ್‌ವರ್ಡ್ ಕೊಟ್ಟೆ ಅಜ್ಜ. ನಂಬರ್ ಇನ್ನೂ ಕೊಟ್ಟಿಲ್ಲ.”

ಕೋಟೆಗೆ ಬಾಗಿಲು ಎರಡು, ಒಂದರ ಹಿಂದೆ ಒಂದು. ಒಂದೇ ನಂಬರಿಗೆ ಎರಡೂ ತೆರೆಯುತ್ತಿದ್ದವು. ಸಿದ್ದಜ್ಜ ತನ್ನ ಕಂಪ್ಯೂಟರಿನಲ್ಲಿ ಪಟಪಟನೆ ಕುಟ್ಟಿ, ಒಳಬಾಗಿಲು ಆ ನಂಬರಿಗೆ ತೆರೆಯದಂತೆ ಮಾಡಿದ. ಆಮೇಲೆ ಫೋನನ್ನು ಅವಳ ಮುಂದಿಟ್ಟು, ಈಗ ಓದು ಅಂತ ಸನ್ನೆ ಮಾಡಿದ. ಬೋರಮ್ಮ ಒಂದು ಕ್ಷಣ ತಡವರಿಸಿದಳು. ಅಜ್ಜನ ಲೆಕ್ಕ ತಪ್ಪಿದರೆ? ಕೊನೆಗೆ ದೇವರ ಮೇಲೆ ಭಾರ ಹಾಕಿ ಓದಿದಳು. ದನಿ ನಿಜವಾಗಿಯೂ ನಡುಗುತ್ತಿದ್ದುದರಿಂದ ಸಾಹೇಬನಿಗೆ ಅನುಮಾನ ಬರಲಿಲ್ಲ.

ಕಿರ್ರನೆ ಹೊರಬಾಗಿಲು ತೆರೆಯಿತು. ಪೊದೆಯಿಂದ ಸಾಹೇಬ ಜಿಗಿದು ಒಳಗೋಡಿ ಬಂದ. ಸಾಹೇಬನಿಗೆ ಮೀಸೆಯೂ ಇತ್ತು, ಬಾಲವೂ ಇತ್ತು. ಬೋರಮ್ಮ ಮರಿಗಳ ಕಡೆ ನೋಡಿದಳು. ನರಿ ಒಳಬಾಗಿಲಿಗೆ ಬಂದು ತಳ್ಳಿದ, ಅದು ಜಗ್ಗಲಿಲ್ಲ. ಹಿಂದೆ ತಿರುಗುವಷ್ಟರಲ್ಲಿ ಸಿದ್ದಜ್ಜ ಹೊರಬಾಗಿಲನ್ನೂ ಮುಚ್ಚಿದ್ದ. ರಾಜನ ಸೈನ್ಯದ ಹದ್ದುಗಳು ಬಂದು ಅವನನ್ನು ಎತ್ತಿಕೊಂಡು ಹೋಗಿ, ಸಿಗ್ನಲ್ಲೇ ಸಿಗದ ಕಾಡಿನಲ್ಲಿ ಎಸೆದವು.

ಅಪಾಯ ಕಳೆದ ಮೇಲೆ ಆಸ್ಥಾನದವರಿಗೆ ಧೈರ್ಯ ಬಂತು. ಪಾಸ್‌ವರ್ಡ್ ಕೊಟ್ಟವಳನ್ನು ಮರಿಗಳ ಸಮೇತ ಹೊರಗಟ್ಟಿ ಅಂದರು. ನವಿಲರಸನೂ ತಲೆದೂಗಿದ. ಬೋರಮ್ಮ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ತಲೆತಗ್ಗಿಸಿ ನಿಂತಳು. ಆಗ ಸಿದ್ದಜ್ಜ ಮುಂದೆ ಬಂದ. ಎಲ್ಲರೂ ಮುಖ ತಿರುಗಿಸಿಕೊಂಡರು.

“ಇವತ್ತು ಇವಳನ್ನ ಹೊರಗೆ ಹಾಕಿದರೆ, ನಾಳೆ ಮೋಸ ಹೋದವರು ಯಾರೂ ಬಾಯಿ ಬಿಡೋದಿಲ್ಲ ಮಹಾಸ್ವಾಮಿ. ಆಮೇಲೆ ನರಿ ಒಳಗೆ ಬಂದಮೇಲೇ ನಮಗೆ ಗೊತ್ತಾಗೋದು.”

ನವಿಲರಸ ಸಿದ್ದಜ್ಜನ ಕಡೆ ತಿರುಗಿ, ಎಲ್ಲರೂ ಕಾಣುವಂತೆ ಅವನ ಮುಖವನ್ನು ನೋಡಿದ. ನಿನ್ನ ಮಾತೇ ಸರಿ ಅಂದ. ಬೋರಮ್ಮನ ಕೆಲಸ ಅವಳಿಗೇ ಉಳಿಯಿತು.

ನೀತಿ ಇಷ್ಟೇ ಮಕ್ಕಳೇ. ಫೋನಿನಲ್ಲಿ ಬಾಲ ಕಾಣುವುದಿಲ್ಲ, ಹೆದರಿಸಿ ಅವಸರ ಮಾಡುವವನಿಗೆ ಗುಟ್ಟಿನ ನಂಬರ್ ಕೊಡಬೇಡಿ. ಕೊಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ಓಡಿಹೋಗಿ ಹೇಳಿ. ಹೇಳಲು ಬಂದವರನ್ನು ಬೈಯಲೂ ಬೇಡಿ.