ನಿಂಗವ್ವನ ಎರಡು ಗುಂಡಿ

ಹುಬ್ಬಳ್ಳಿಯ ವಿಡಿಯೋ ಗೇಮ್ ಅಂಗಡಿಯ ಬಾಗಿಲಲ್ಲಿ ನಿಂಗವ್ವ ಚಹಾ ಮಾರುತ್ತಿದ್ದಳು. ಕಟ್ಟಡದ ಮಾಲೀಕ ವೀರಭದ್ರಪ್ಪ ಹೊಡೆದಾಟದ ಆಟದಲ್ಲಿ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ದಬದಬ ಒತ್ತಿ ಗೆಲ್ಲುತ್ತಿದ್ದ. ಜೊತೆಗೆ ಆಡಲು ಯಾರೂ ಸಿಗದ ದಿನ ಅವಳ ಕಡೆ ತಿರುಗಿದ.

"ನನ್ನ ಸೋಲಿಸು. ಇಲ್ಲಾಂದ್ರ ನಾಳೆ ನಿನ್ನ ಒಲಿ ಇಲ್ಲಿ ಇರಂಗಿಲ್ಲ."

ನಿಂಗವ್ವ ಕೂತಳು. ಹತ್ತು ಏಟಿಗೊಮ್ಮೆ ಅವನು ಬೆವರಿದ ಹೆಬ್ಬೆರಳನ್ನು ಧೋತರಕ್ಕೆ ಒರೆಸುವುದನ್ನು ದಿನಾ ನೋಡಿದ್ದಳು. ಅವನು ಬೆರಳು ಒರೆಸುವವರೆಗೆ ಏಟು ತಡೆಯುವ ಗುಂಡಿಯನ್ನೇ ಒತ್ತಿ ಹಿಡಿದಳು. ಬೆರಳು ಧೋತರಕ್ಕೆ ಹೋದಾಗಲೆಲ್ಲ ಒದೆಯುವ ಗುಂಡಿಯನ್ನು ಒಮ್ಮೆ ಒತ್ತಿದಳು. ಐದನೆಯ ಒದೆಗೆ ಪರದೆಯ ಮೇಲೆ ಅವನ ಪೈಲ್ವಾನ ಮಲಗಿದ.

"ಎರಡ ಗುಂಡಿ ಒತ್ತಿ ಗೆಲ್ಲೋದು ಯಾವ ಸೀಮಿ ಆಟ?"

"ಉಳಿದದ್ದೆಲ್ಲಾ ನೀವ ಒತ್ತಿದ್ರಲ್ರೀ ಧಣ್ಯಾರ," ಎಂದಳು ನಿಂಗವ್ವ. "ನಾಳೆ ಚಹಾಕ್ಕ ಬರ್ರಿ. ಒಲಿ ಇಲ್ಲೇ ಇರ್ತದ."